ಅಳೆದೂ ಸುರಿದೂ

ಸೊಹಾರಿನ ಆಸ್ಪತ್ರೆ, ಎರಡನೇ ಮಹಡಿ, ನರ್ಸುಗಳ ಕೋಣೆ.
ಪಾಳಿ ಬದಲಾಗುವ ಹೊತ್ತಿಗೆ
ಡಾಕ್ಟರ್ ಖಲ್ಫಾನ್ ಒಂದು ಕಟ್ಟು ಕಾಗದ ತಂದಿಟ್ಟರು.
ಹೆಸರು ಬೇಡ, ಊರು ಬೇಡ, ನಿಜ ಮಾತ್ರ ಸಾಕು.
ಇಪ್ಪತ್ತು ವಾಕ್ಯ, ಒಂದೊಂದರ ಮುಂದೆ ಐದು ಸೊನ್ನೆ:
ಪೂರಾ ಒಪ್ಪುತ್ತೇನೆ ಎಂಬಲ್ಲಿಂದ
ಸುತರಾಂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ,
ನಡುವಿನದು ಅಡ್ಡಗೋಡೆಯ ಮೇಲೆ ದೀಪ ಇಡುವವರಿಗೆ.

ಮನಸ್ಸಿನ ಕಾಯಿಲೆಯವರ ಬಗ್ಗೆ ನಮ್ಮೊಳಗೆ
ಎಷ್ಟು ಅಂಜಿಕೆ, ಎಷ್ಟು ಹೇಸಿಗೆ, ಅಳೆಯುತ್ತಾರಂತೆ.
ಕಡಿಮೆ ಬಂದಷ್ಟೂ ಒಳ್ಳೆಯದು,
ಸಕ್ಕರೆ ಕಾಯಿಲೆಯವರ ರಿಪೋರ್ಟಿನ ಹಾಗೆ.

ನಾನು ಊಟದ ಡಬ್ಬಿ ತೆರೆದಿದ್ದೆ.
ಶಿರಾದಿಂದ ಅಮ್ಮ ಕಳಿಸಿದ ಚಟ್ನಿಪುಡಿ, ಕಪ್ಪಗೆ.
ಏನದು, ಎಂದಳು ಮರಿವಿಕ್.
ಹುಚ್ಚೆಳ್ಳು, ಎಂದೆ. ಬಿಡಿಸಿ ಅರ್ಥ ಹೇಳಿದೆ.
ಎಳ್ಳಿಗೂ ಹುಚ್ಚೇ, ಎಂದು ಶಂಸಾ ನಕ್ಕಳು.
ನಮ್ಮಲ್ಲಿ ಹೊಳೆಗೂ ಉಂಟು, ಮಳೆಗೂ ಉಂಟು,
ಮದುವೆಯಾಗದೆ ಅದು ಬಿಡುವುದಿಲ್ಲ,
ಬಿಡದೆ ಮದುವೆಯಾಗುವುದಿಲ್ಲ,
ಎಂದು ಗಾದೆಯನ್ನೂ ಉಣಬಡಿಸಿದೆ. ಮತ್ತೆ ನಗು.
ಪುಡಿಯ ಒಂದು ಚೂರು ಹಲ್ಲಿನ ಸಂದಿಯಲ್ಲಿ ಉಳಿಯಿತು.

ಆಮೇಲೆ ಪೆನ್ನು ಹಿಡಿದೆವು.

ಅಂಥ ರೋಗಿಗೂ ಉಳಿದವರಷ್ಟೇ ಹೊತ್ತು ಕೊಡುತ್ತೇನೆ.
ಒಪ್ಪುತ್ತೇನೆ.
ಅಂಥವರು ಪಕ್ಕದಲ್ಲಿ ಬಾಡಿಗೆಗೆ ಬಂದರೆ ಅಡ್ಡಿಯಿಲ್ಲ.
ಅಡ್ಡಿಯಿಲ್ಲ. ಹಾಸ್ಟೆಲಿನ ಕೊನೆಯ ಕೋಣೆ ನನ್ನದು,
ಪಕ್ಕದಲ್ಲಿ ನೀರಿನ ಟ್ಯಾಂಕು.
ಅವರು ಹೇಳುವ ಮೈನೋವನ್ನು ನಂಬುತ್ತೇನೆ.

ಇಲ್ಲಿ ಪೆನ್ನು ನಿಂತಿತು.
ಕಿಟಕಿಯಾಚೆ ಹೆದ್ದಾರಿ, ಬಂದರಿನ ಲಾರಿಗಳ ಸಾಲು.

ಹೋದ ರಂಜಾನಿನ ಎರಡನೇ ವಾರ
ಅಂಥದೇ ಒಂದು ಲಾರಿಯಿಂದ ಇಳಿಸಿ ತಂದಿದ್ದರು ಮೌನೇಶನನ್ನು.
ಶಹಾಪುರದ ಕಡೆಯವನು, ಗೋದಾಮಿನಲ್ಲಿ ಮೂಟೆ ಎಣಿಸುವವನು.
ಅರಬ್ಬಿ ಬಾರದು, ಹಿಂದಿ ಅಷ್ಟಕ್ಕಷ್ಟೆ.
ಕನ್ನಡ ಬಲ್ಲವಳು ನಾನೊಬ್ಬಳೇ.
"ಎದಿ ಮ್ಯಾಲ ಯಾರೋ ಕುಂತಾರ್ರೀ ಅಕ್ಕಾ,
ಏಳವಲ್ರು."
ಏನಂತಾನೆ, ಎಂದರು ಡ್ಯೂಟಿ ಡಾಕ್ಟರು.
ಎದೆಯ ಮೇಲೆ ಯಾರೋ ಕೂತಿದ್ದಾರಂತೆ, ಏಳುತ್ತಿಲ್ಲವಂತೆ.
ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ.
ಅಷ್ಟರಲ್ಲಿ ಅವನ ಜೇಬಿನಲ್ಲಿ ಗುಳಿಗೆಯ ಪಟ್ಟಿ ಸಿಕ್ಕಿತ್ತು,
ಯಾವ ಗುಳಿಗೆ ಎಂದು ನಮಗೆಲ್ಲ ಗೊತ್ತು.
ಯಾರು ಕೂತಿದ್ದಾರೆ, ಕೇಳು.
ಕೇಳಿದೆ.
ಅಜ್ಜಿ ಸಾಯುವ ದಿನ ಇದೇ ಮಾತಾಡಿದ್ದನ್ನು
ಕೇಳಿಸಿಕೊಂಡವಳು ನಾನು,
ಕೇಳಿದೆ: ಯಾರಪ್ಪಾ? ಗಂಡಸೋ, ಹೆಂಗಸೋ?

ಮೌನೇಶ ನನ್ನ ಮುಖ ನೋಡಿದ,
ಈಯಕ್ಕಗ ಏನಾಗ್ಯಾದ ಎಂಬ ಹಾಗೆ.

ಮೂಲೆಯ ಮಂಚ. ನಿದ್ದೆಗೊಂದು ಸೂಜಿ. ಐವತ್ತು ನಿಮಿಷ.
ಇಸಿಜಿ ಯಂತ್ರ ಹತ್ತು ಹೆಜ್ಜೆ ಆಚೆಗಿತ್ತು,
ಅದರ ಮೇಲೆ ಯಾರೋ ಚಹಾದ ಕಪ್ಪು ಇಟ್ಟಿದ್ದರು.

ಬದುಕಿದ.
ಅರ್ಧ ಹೃದಯದಲ್ಲಿ ಊರಿಗೆ ಹೊರಟವನು
ಗಾಲಿಕುರ್ಚಿಯಿಂದಲೇ ಕೈಮುಗಿದ:
"ನೀವಿದ್ರಿ ಅಂತ ಉಳದೀನ್ರೀ ಅಕ್ಕಾ."

ನಂಬುತ್ತೇನೆ. ಪೂರಾ ಒಪ್ಪುತ್ತೇನೆ.
ಸೊನ್ನೆ ತುಂಬಿದೆ, ಗೆರೆ ದಾಟದ ಹಾಗೆ.

ಕೊನೆಯಲ್ಲಿ, ಬೇರೇನಾದರೂ ಹೇಳುವುದಿದ್ದರೆ ಎಂದು
ನಾಲ್ಕು ಖಾಲಿ ಸಾಲು.
ಎಲ್ಲರೂ ಬಿಟ್ಟರು. ನಾನು ಅವನ ಮಾತನ್ನೇ
ಕನ್ನಡದಲ್ಲಿ ಬರೆದು ಮಡಚಿ ಡಬ್ಬಕ್ಕೆ ಹಾಕಿದೆ,
ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ.

ಮುಂದಿನ ವಾರ ಖಲ್ಫಾನ್ ಬಂದರು, ಕೈಯಲ್ಲಿ ಖರ್ಜೂರದ ಡಬ್ಬಿ.
ಎಲ್ಲಕ್ಕಿಂತ ಕಡಿಮೆ ಅಂಕ ನಮ್ಮ ವಾರ್ಡಿನದು.
ಚಪ್ಪಾಳೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು
ಒಂದು ಹಾಳೆ ತೆಗೆದರು.
ಬರೆದವರು ಯಾರೆಂದು ನಾನು ಕೇಳುವ ಹಾಗಿಲ್ಲ, ಎಂದರು,
ನನ್ನ ಕಡೆ ನೋಡದೆ.
ಇಡೀ ಆಸ್ಪತ್ರೆಯಲ್ಲಿ ಈ ಲಿಪಿ ಓದುವವರು ಎಷ್ಟು ಜನ
ಎಂಬುದು ಇಬ್ಬರಿಗೂ ಗೊತ್ತಿತ್ತು.
ಏನು ಬರೆದಿದೆ? ಯಾವ ಕಾಲಂಗೆ ಸೇರಿಸಲಿ?

ಎಂದೋ ಹೋದ ಕಪ್ಪು ಚೂರನ್ನು
ನಾಲಗೆ ಇನ್ನೂ ಹಲ್ಲಿನ ಸಂದಿಯಲ್ಲಿ ಹುಡುಕುತ್ತಿತ್ತು.
ಅಳೆದೆ. ಸುರಿದೆ.
ಎದೆನೋವು, ಎಂದೆ.

ಯಾರಿಗೆ, ಎಂದರು.